ಖುಷಿಯ ಪಾಠ ಸರಿ, ಹೋಂವರ್ಕ್ ಮಾಡುವವರು ಯಾರು?

ಖುಷಿಯಾಗಿರುವುದು ಹೇಗೆ ಅಂತ ಕಲಿಸುವ ಕೋರ್ಸ್‌ನಲ್ಲಿ ಒಬ್ಬರು ಫೇಲ್ ಆದರೆ ಏನರ್ಥ? ಪಾಠ ತಲೆಗೆ ಹತ್ತಲಿಲ್ಲ ಅಂತಲೋ, ಇನ್ನೂ ಖುಷಿಯಾಗಿಲ್ಲ ಅಂತಲೋ? ಕೇಳೋಕೆ ತಮಾಷೆ. ಆದರೆ ಇಂಥ ಕೋರ್ಸ್ ನಡೆಸುವವರು ಇದಕ್ಕೆ ಉತ್ತರ ಹುಡುಕಲೇಬೇಕಾಗುತ್ತದೆ. ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರದ ಪ್ರೊಫೆಸರ್ ಬ್ರೂಸ್ ಹುಡ್ 2018ರಲ್ಲಿ ‘ಸೈನ್ಸ್ ಆಫ್ ಹ್ಯಾಪಿನೆಸ್’ ಎಂಬ ಕೋರ್ಸ್ ಶುರುಮಾಡಿದರು. ಮುಂದೆ ಅದಕ್ಕೆ ಪದವಿಯ ಲೆಕ್ಕಕ್ಕೆ ಸೇರುವ ಕ್ರೆಡಿಟ್ ಕೊಡುವ ಹೊತ್ತು ಬಂದಾಗ ಅವರು ಪರೀಕ್ಷೆಯನ್ನೇ ಬಿಟ್ಟುಬಿಟ್ಟರು. ಕ್ಲಾಸಿಗೆ ಬಂದಿದ್ದೀರಾ, ಸಣ್ಣ ಗುಂಪಿನ ಭೇಟಿಗೆ ಹಾಜರಾಗಿದ್ದೀರಾ, ಹೇಳಿದ ಅಭ್ಯಾಸ ಮಾಡಿ ಡೈರಿಯಲ್ಲಿ ಬರೆದಿದ್ದೀರಾ? ಇಷ್ಟು ಸಾಕು. ಮಾರ್ಕ್ಸ್ ಇಲ್ಲ. ಮಾರ್ಕ್ಸಿನ ಹಿಂದೆ ಓಡಿದರೆ ಖುಷಿ ಸಿಗುವುದಿಲ್ಲ ಅಂತ ಪಾಠ ಮಾಡಿ, ಕೊನೆಗೆ ಅದೇ ಪಾಠಕ್ಕೆ ಮಾರ್ಕ್ಸ್ ಕೊಟ್ಟರೆ ಹೇಗಿರುತ್ತದೆ ಹೇಳಿ.

ಈ ನಿರ್ಧಾರದಲ್ಲಿ ಒಂದು ದೊಡ್ಡ ವಿಷಯ ಅಡಗಿದೆ. ನೆಮ್ಮದಿ, ಮಾನಸಿಕ ಸ್ವಾಸ್ಥ್ಯ, ಒತ್ತಡ ನಿಭಾಯಿಸುವುದು, ಮೈಂಡ್‌ಫುಲ್‌ನೆಸ್ (ಈ ಕ್ಷಣಕ್ಕೆ ಗಮನ ಕೊಡುವ ಧ್ಯಾನ) ಅಂತೆಲ್ಲ ಹೆಸರಿಟ್ಟುಕೊಂಡು ಬರುವ ಆನ್‌ಲೈನ್ ಕೋರ್ಸ್‌ಗಳು ಈಗ ಲೆಕ್ಕವಿಲ್ಲದಷ್ಟಿವೆ. ಹೆಚ್ಚಿನವನ್ನು ಇತಿಹಾಸವನ್ನೋ ಪ್ರೋಗ್ರಾಮಿಂಗನ್ನೋ ಕಲಿಸುವ ಹಾಗೆಯೇ ಕಲಿಸುತ್ತಾರೆ. ವಿಡಿಯೊ, ಕ್ವಿಝ್, ಸರ್ಟಿಫಿಕೇಟ್. ಆದರೆ ಇಲ್ಲಿ ಕಲಿಸಬೇಕಾದದ್ದು ಮಾಹಿತಿ ಅಲ್ಲವೇ ಅಲ್ಲ. ನಿದ್ದೆ ಮುಖ್ಯ, ವ್ಯಾಯಾಮ ಒಳ್ಳೆಯದು, ಸ್ನೇಹಿತರ ಜೊತೆ ಸಮಯ ಕಳೆಯಬೇಕು. ಇದರಲ್ಲಿ ನಿಮಗೆ ಗೊತ್ತಿಲ್ಲದ್ದು ಯಾವುದು?

ಲಕ್ಷಗಟ್ಟಲೆ ಜನ ಬಂದ ಬಗೆ

ಇವುಗಳಲ್ಲಿ ಬಹಳ ಹೆಸರಾದದ್ದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ್ದು. 2018ರ ಆರಂಭದಲ್ಲಿ ಅಲ್ಲಿನ ಪ್ರೊಫೆಸರ್ ಲಾರಿ ಸ್ಯಾಂಟೋಸ್ ಒಳ್ಳೆಯ ಬದುಕಿನ ಮನಃಶಾಸ್ತ್ರದ ಬಗ್ಗೆ ಒಂದು ಕೋರ್ಸ್ ಇಟ್ಟರು. ಸುಮಾರು 1,200 ವಿದ್ಯಾರ್ಥಿಗಳು ಸೇರಿದರು. ಅಂದರೆ ಅಲ್ಲಿನ ಪದವಿ ವಿದ್ಯಾರ್ಥಿಗಳಲ್ಲಿ ಹೆಚ್ಚುಕಮ್ಮಿ ಕಾಲು ಭಾಗ. ಅದೇ ವರ್ಷ ಅದರ ಆನ್‌ಲೈನ್ ರೂಪ ‘ದಿ ಸೈನ್ಸ್ ಆಫ್ ವೆಲ್‌ಬೀಯಿಂಗ್’ ಕೋರ್ಸೆರಾ ಎಂಬ ಆನ್‌ಲೈನ್ ಕೋರ್ಸ್‌ಗಳ ವೇದಿಕೆಯಲ್ಲಿ ಬಂತು. 2020ರಲ್ಲಿ ಕೋವಿಡ್ ಬಂದು ಜಗತ್ತೇ ಬಾಗಿಲು ಹಾಕಿಕೊಂಡಾಗ ಅದಕ್ಕೆ ಹೆಸರು ನೋಂದಾಯಿಸಿದವರ ಸಂಖ್ಯೆ ಒಮ್ಮೆಲೇ ಏರಿತು. ಇದಕ್ಕೂ ಮೊದಲು, 2014ರಲ್ಲೇ, ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡ್ಯಾಕರ್ ಕೆಲ್ಟ್ನರ್ ಮತ್ತು ಎಮಿಲಿಯಾನಾ ಸೈಮನ್-ಥಾಮಸ್ ಎಡ್‌ಎಕ್ಸ್ ಎಂಬ ಅಂಥದ್ದೇ ಇನ್ನೊಂದು ವೇದಿಕೆಯಲ್ಲಿ ಖುಷಿಯ ವಿಜ್ಞಾನದ ಕೋರ್ಸ್ ನಡೆಸಿದ್ದರು.

ಇವೆಲ್ಲದರ ಬೇರು ಇರುವುದು ಪಾಸಿಟಿವ್ ಸೈಕಾಲಜಿಯಲ್ಲಿ. 1998ರಲ್ಲಿ ಮಾರ್ಟಿನ್ ಸೆಲಿಗ್ಮನ್ ಅಮೆರಿಕದ ಮನಃಶಾಸ್ತ್ರಜ್ಞರ ಸಂಘದ ಅಧ್ಯಕ್ಷರಾಗಿದ್ದಾಗ, ಕಾಯಿಲೆಯನ್ನಷ್ಟೇ ಓದಿದರೆ ಸಾಲದು, ಜನ ಚೆನ್ನಾಗಿ ಬದುಕುವುದು ಹೇಗೆ ಅನ್ನುವುದನ್ನೂ ಓದೋಣ ಅಂದರು. ಇನ್ನೊಂದು ಬೇರು 1979ರದು. ಜಾನ್ ಕಬಾಟ್-ಝಿನ್ ಮ್ಯಾಸಚೂಸೆಟ್ಸ್‌ನ ವೈದ್ಯಕೀಯ ಕೇಂದ್ರವೊಂದರಲ್ಲಿ ರೋಗಿಗಳಿಗಾಗಿ ಶುರುಮಾಡಿದ ಧ್ಯಾನದ ಕಾರ್ಯಕ್ರಮ ಅದು. ಅದು ನೆಲೆನಿಂತದ್ದು 8 ವಾರದ ರೂಪದಲ್ಲಿ. ಇವತ್ತಿನ ಮೈಂಡ್‌ಫುಲ್‌ನೆಸ್ ಕೋರ್ಸ್‌ಗಳು ಹೆಚ್ಚಾಗಿ 8 ವಾರ ಯಾಕಿರುತ್ತವೆ ಅಂತ ಯೋಚಿಸಿದ್ದರೆ, ಉತ್ತರ ಇಲ್ಲಿದೆ.

ಕೋರ್ಸ್‌ನ ಒಳಗೆ

ಚೆನ್ನಾಗಿ ಕಟ್ಟಿದ ಕೋರ್ಸ್ ಒಂದರ ಒಳಹೊಕ್ಕು ನೋಡಿದರೆ ಸಾಮಾನ್ಯವಾಗಿ ಎರಡು ಭಾಗ ಕಾಣುತ್ತದೆ. ಮೊದಲನೆಯದು ನಮ್ಮ ತಪ್ಪು ಲೆಕ್ಕಗಳ ಬಗ್ಗೆ. ಹೆಚ್ಚು ಸಂಬಳ ಬಂದರೆ, ಒಳ್ಳೆ ಮನೆ ಸಿಕ್ಕರೆ, ತೂಕ ಇಳಿದರೆ ಖುಷಿಯಾಗಿರುತ್ತೇವೆ ಅಂತ ನಾವು ಅಂದುಕೊಳ್ಳುತ್ತೇವೆ. ಸಿಕ್ಕಾಗ ಅಷ್ಟು ಖುಷಿ ಆಗುವುದಿಲ್ಲ, ಆದದ್ದೂ ಬೇಗ ಕರಗುತ್ತದೆ. ಪಕ್ಕದವರ ಜೊತೆ ಹೋಲಿಸಿಕೊಳ್ಳುವುದು ಬೇರೆ. ಎರಡನೆಯ ಭಾಗ ಅಭ್ಯಾಸಗಳದ್ದು. ಕೃತಜ್ಞತೆಯ ಡೈರಿ, ಸಣ್ಣ ಉಪಕಾರಗಳು, ಇರುವ ಖುಷಿಯನ್ನು ನಿಧಾನವಾಗಿ ಸವಿಯುವುದು, ನಿದ್ದೆ, ನಡಿಗೆ, ಧ್ಯಾನ, ಜನರ ಜೊತೆ ಮಾತು. ಯೇಲ್‌ನ ಆನ್‌ಲೈನ್ ಕೋರ್ಸ್‌ನಲ್ಲಿ ಇಂಥ ವಾರದ ಹೋಂವರ್ಕಿಗೆ ‘ರೀವೈರ್‌ಮೆಂಟ್’ ಅಂತ ಹೆಸರಿಟ್ಟಿದ್ದಾರೆ. ಶುರುವಿನಲ್ಲೇ ಒಂದು ಪ್ರಶ್ನಾವಳಿ ತುಂಬಿಸಿ ನಿಮ್ಮ ಖುಷಿಯ ಅಂಕ ತೆಗೆಯುತ್ತಾರೆ. 24 ಗುಣಗಳ ಪಟ್ಟಿಯಲ್ಲಿ ನಿಮ್ಮ ಬಲ ಯಾವುದು ಅಂತಲೂ ಹುಡುಕಿಸುತ್ತಾರೆ. ಕೊನೆಯ 4 ವಾರ ಹೊಸ ಪಾಠವೇ ಇಲ್ಲ. ಒಂದು ಅಭ್ಯಾಸ ಆರಿಸಿಕೊಂಡು ಅದನ್ನೇ ಮಾಡುತ್ತಾ ಹೋಗಬೇಕು.

ನನ್ನ ಪ್ರಕಾರ ಇಡೀ ಕೋರ್ಸ್‌ನ ಜಾಣತನ ಇರುವುದು ಆ 4 ಖಾಲಿ ವಾರಗಳಲ್ಲಿ. ಮಾರುವವರ ಕಣ್ಣಿಗೆ ಅದು ಖಾಲಿ ಜಾಗ. ವಿಡಿಯೊ ಇಲ್ಲದ ವಾರಕ್ಕೆ ಯಾರು ದುಡ್ಡು ಕೊಡುತ್ತಾರೆ? ಅದಕ್ಕೇ ಸಾಮಾನ್ಯ ಕೋರ್ಸ್‌ಗಳ ಜಾಹೀರಾತಿನಲ್ಲಿ ‘ಇಷ್ಟು ಗಂಟೆಯ ವಿಡಿಯೊ, ಇಷ್ಟು ಪಾಠ’ ಅಂತ ದಪ್ಪ ಅಕ್ಷರದಲ್ಲಿ ಇರುತ್ತದೆ.

ವಿಡಿಯೊ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಡ್‌ಎಕ್ಸ್‌ನ ಕೋರ್ಸ್‌ಗಳಲ್ಲಿ 69 ಲಕ್ಷ ಬಾರಿ ವಿಡಿಯೊ ನೋಡಿದ್ದರ ದಾಖಲೆ ಇಟ್ಟುಕೊಂಡು 2014ರಲ್ಲಿ ಒಂದು ಅಧ್ಯಯನ ಬಂತು. ಚಿಕ್ಕ ವಿಡಿಯೊಗಳನ್ನೇ ಜನ ಗಮನಕೊಟ್ಟು ನೋಡುತ್ತಾರೆ, 6 ನಿಮಿಷ ದಾಟಿದ ಮೇಲೆ ಗಮನ ಜಾರುತ್ತದೆ ಅಂತ ಅದರಲ್ಲಿ ಕಂಡಿತು. ಅಲ್ಲಿಂದ ಎಲ್ಲರೂ ಪಾಠವನ್ನು ತುಂಡು ತುಂಡು ಮಾಡತೊಡಗಿದರು. ಸರಿ. ಆದರೆ ನೋಡಿ ಮುಗಿಸುವುದಕ್ಕೂ ಮಾಡಿ ನೋಡುವುದಕ್ಕೂ ಸಂಬಂಧ ಕಡಿಮೆ.

ಸ್ಯಾಂಟೋಸ್ ತಮ್ಮ ಪಾಠದಲ್ಲೇ ಇದನ್ನು ಹೇಳುತ್ತಾರೆ. 1980ರ ದಶಕದಲ್ಲಿ ಅಮೆರಿಕದ ಮಕ್ಕಳು ನೋಡುತ್ತಿದ್ದ ‘ಜಿ.ಐ. ಜೋ’ ಕಾರ್ಟೂನಿನ ಕೊನೆಯಲ್ಲಿ, ತಿಳಿದುಕೊಂಡರೆ ಅರ್ಧ ಯುದ್ಧ ಗೆದ್ದಂತೆ ಅನ್ನುವ ಮಾತು ಬರುತ್ತಿತ್ತು. ಸ್ಯಾಂಟೋಸ್ ಮತ್ತು ತತ್ವಶಾಸ್ತ್ರದ ಪ್ರೊಫೆಸರ್ ತಮಾರ್ ಗೆಂಡ್ಲರ್ ಇದನ್ನೇ ‘ಜಿ.ಐ. ಜೋ ಭ್ರಮೆ’ ಅಂತ ಕರೆದರು. ತಿಳಿದುಕೊಂಡ ಮಾತ್ರಕ್ಕೆ ಅರ್ಧವೂ ಗೆಲ್ಲುವುದಿಲ್ಲ. ನಾವು ಪುಸ್ತಕದ ಬದನೆಕಾಯಿ ಅನ್ನುವುದು ಇದನ್ನೇ. ವಿಚಿತ್ರ ಅಂದರೆ, ಇದನ್ನು ವಿಡಿಯೊದಲ್ಲಿ ಕೇಳಿ, ಕ್ವಿಝ್‌ನಲ್ಲಿ ಸರಿ ಉತ್ತರ ಒತ್ತಿ, ಆಮೇಲೆ ಏನೂ ಮಾಡದೆ ಇರುವುದು ಪೂರ್ತಿ ಸಾಧ್ಯ!

ಹೋಂವರ್ಕಿನ ಅಳತೆ

ಅಭ್ಯಾಸಗಳನ್ನು ಇಂಟರ್ನೆಟ್ ಮೂಲಕ ಕೊಡಬಹುದಾ ಅನ್ನುವ ಪ್ರಶ್ನೆಗೆ 2005ರಲ್ಲಿ ಸೆಲಿಗ್ಮನ್ ಮತ್ತು ಜೊತೆಗಾರರು ಒಂದು ಪ್ರಯೋಗ ಮಾಡಿದರು. ವೆಬ್‌ಸೈಟ್ ಮೂಲಕ 577 ಜನ ಸೇರಿದರು, 411 ಜನ ಕೊನೆವರೆಗೆ ಉಳಿದರು. ಒಬ್ಬೊಬ್ಬರಿಗೂ ಒಂದು ವಾರದ ಒಂದು ಅಭ್ಯಾಸ. ಕೆಲವರು ದಿನವೂ ರಾತ್ರಿ ಆ ದಿನ ನಡೆದ ಮೂರು ಒಳ್ಳೆಯ ಸಂಗತಿ ಮತ್ತು ಅವು ಯಾಕೆ ನಡೆದವು ಅನ್ನುವುದನ್ನು ಬರೆಯಬೇಕಿತ್ತು. ಕೆಲವರು ತಮಗೆ ಉಪಕಾರ ಮಾಡಿದ್ದವರಿಗೆ ಪತ್ರ ಬರೆದು ಅವರ ಕೈಗೇ ಕೊಟ್ಟು ಬರಬೇಕಿತ್ತು. ಇನ್ನೊಂದು ಗುಂಪಿಗೆ ಸುಮ್ನೆ ಬಾಲ್ಯದ ನೆನಪು ಬರೆಯಲು ಹೇಳಿದರು. ಅದು ಹೋಲಿಕೆಗಾಗಿ ಇಟ್ಟ ಗುಂಪು.

ಒಂದು ವಾರ ಮುಗಿದಾಗ ಎಲ್ಲರೂ ಸ್ವಲ್ಪ ಖುಷಿಯಾಗಿದ್ದರು, ಬಾಲ್ಯದ ನೆನಪು ಬರೆದವರೂ ಸೇರಿ! ಅವರ ಖುಷಿ ಬೇಗ ಇಳಿಯಿತು. ಪತ್ರ ಕೊಟ್ಟವರ ಖುಷಿ ಎಲ್ಲರಿಗಿಂತ ಹೆಚ್ಚು ಏರಿತು, ಸುಮಾರು ಒಂದು ತಿಂಗಳು ಉಳಿಯಿತು. ಮೂರು ಸಂಗತಿ ಬರೆದವರಲ್ಲಿ 6 ತಿಂಗಳ ನಂತರವೂ ಪರಿಣಾಮ ಕಾಣಿಸುತ್ತಿತ್ತು. ಹೇಳಿದ್ದು ಒಂದೇ ವಾರ ಮಾಡಿ ಅಂತ, ಆದರೆ ತಮ್ಮಷ್ಟಕ್ಕೆ ಮುಂದುವರಿಸಿದವರಲ್ಲೇ ಅದು ಚೆನ್ನಾಗಿ ಉಳಿದಿತ್ತು. ಈ ಕೊನೆಯ ಸಾಲನ್ನು ಮರೆಯಬೇಡಿ, ಮುಂದೆ ಬೇಕಾಗುತ್ತದೆ.

ಎಷ್ಟು ಸಲ ಮಾಡಬೇಕು ಅನ್ನುವುದು ಇನ್ನೊಂದು ಕಗ್ಗಂಟು. ಕ್ಯಾಲಿಫೋರ್ನಿಯಾದ ಸೋನ್ಯಾ ಲ್ಯುಬೊಮಿರ್ಸ್ಕಿ ಅವರ ಪ್ರಯೋಗಗಳಲ್ಲಿ ವಾರಕ್ಕೊಮ್ಮೆ ಕೃತಜ್ಞತೆ ಬರೆದವರಿಗೆ ಲಾಭ ಕಂಡಿತು, ವಾರಕ್ಕೆ ಮೂರು ಸಲ ಬರೆದವರಿಗೆ ಕಾಣಲಿಲ್ಲ. ಐದು ಉಪಕಾರಗಳನ್ನು ವಾರವಿಡೀ ಹಂಚಿ ಮಾಡಿದವರಿಗಿಂತ ಒಂದೇ ದಿನ ಮಾಡಿದವರಿಗೆ ಖುಷಿ ಹೆಚ್ಚು. ಇವು ಸಣ್ಣ ಪ್ರಯೋಗಗಳು, ಕಲ್ಲಿನ ಮೇಲೆ ಬರೆದ ಸತ್ಯ ಅಂದುಕೊಳ್ಳಬೇಕಿಲ್ಲ. ಆದರೂ ಇವುಗಳಿಂದ ಹುಟ್ಟುವ ಅನುಮಾನ ಸರಿಯಾದದ್ದೇ. ರೂಢಿಯಾಗಿಬಿಟ್ಟರೆ ಕೃತಜ್ಞತೆಯೂ ಬೇಸರ ತರುತ್ತದೆ. ಮೂರನೇ ವಾರದ ಹೊತ್ತಿಗೆ ಡೈರಿಯಲ್ಲಿ ‘ಆರೋಗ್ಯ, ಮನೆಯವರು, ಕೆಲಸ’ ಅಂತ ಅದೇ ಮೂರು ಪದ ಬೀಳತೊಡಗುತ್ತವೆ, ಅಲ್ವಾ?

ಆದರೆ ಆ್ಯಪ್‌ಗಳು ಮಾಡುವುದು ಇದಕ್ಕೆ ತದ್ವಿರುದ್ಧ. ದಿನವೂ ನೋಟಿಫಿಕೇಶನ್, ದಿನವೂ ಟಿಕ್, ಒಂದು ದಿನ ತಪ್ಪಿದರೆ ಸ್ಟ್ರೀಕ್ (ಸತತ ದಿನಗಳ ಲೆಕ್ಕ) ಮುರಿಯಿತು ಅಂತ ಅಳುವ ಮುಖ. ಇದರಿಂದ ಆ್ಯಪ್ ತೆರೆಯುವ ಅಭ್ಯಾಸ ಬರಬಹುದು. ನೆಮ್ಮದಿಯ ಪಾಠ ಕಲಿಯಲು ಬಂದವರಿಗೆ ಒಂದು ಹೊಸ ಚಿಂತೆಯನ್ನೂ ಕೊಟ್ಟಂತಾಗುತ್ತದೆ.

ಇದಕ್ಕಿಂತ ಒಳ್ಳೆಯ ಉಪಾಯ ಹಳೆಯದೇ ಒಂದಿದೆ. ಮನಃಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ 1990ರ ದಶಕದಿಂದ ಅಧ್ಯಯನ ಮಾಡಿದ್ದು. ‘ನಡೆಯಲು ಹೋಗಬೇಕು’ ಅನ್ನುವುದರ ಬದಲು ‘ಊಟದ ತಟ್ಟೆ ತೊಳೆದಿಟ್ಟ ಕೂಡಲೇ ಚಪ್ಪಲಿ ಹಾಕಿಕೊಂಡು ಹೊರಡುತ್ತೇನೆ’ ಅಂತ ತೀರ್ಮಾನಿಸಿಕೊಳ್ಳುವುದು. ಯಾವಾಗ, ಎಲ್ಲಿ, ಯಾವುದಾದ ಮೇಲೆ ಅನ್ನುವುದನ್ನು ಮೊದಲೇ ಗೊತ್ತುಮಾಡಿಕೊಂಡರೆ ಕೆಲಸ ಆಗುವ ಸಂಭವ ಹೆಚ್ಚು. ಗಾಬ್ರಿಯೆಲೆ ಓಟಿಂಗೆನ್ ಇದಕ್ಕೆ ಇನ್ನೊಂದು ಹೆಜ್ಜೆ ಸೇರಿಸಿದರು. ಗುರಿಯ ಬಗ್ಗೆ ಹಗಲುಗನಸು ಕಂಡರಷ್ಟೇ ಸಾಲದು, ಅಡ್ಡ ಬರುವುದು ಯಾವುದು ಅಂತಲೂ ಎದುರಿಗಿಟ್ಟು ನೋಡಬೇಕು. ಆಸೆ, ಅದರ ಫಲ, ಅಡ್ಡಿ, ಯೋಜನೆ ಎಂಬ ಈ ನಾಲ್ಕು ಹೆಜ್ಜೆಗೆ ‘ವೂಪ್’ ಅಂತ ಹೆಸರು. ಒಳ್ಳೆಯ ಕೋರ್ಸ್‌ನಲ್ಲಿ ಕ್ವಿಝ್ ಇರುವ ಜಾಗದಲ್ಲಿ ಇಂಥದ್ದೊಂದು ತುಂಬಿಸುವ ಹಾಳೆ ಇರುತ್ತದೆ.

ಆಚೆ ಕಡೆ ಯಾರಾದರೂ ಇದ್ದಾರಾ?

ಈಗ ಅಸಲಿ ತೊಂದರೆಗೆ ಬರೋಣ. ಎಂಐಟಿ ಮತ್ತು ಹಾರ್ವರ್ಡ್ ಎಡ್‌ಎಕ್ಸ್‌ನಲ್ಲಿ ನಡೆಸಿದ ಎಲ್ಲ ಬಗೆಯ ಕೋರ್ಸ್‌ಗಳ ಲೆಕ್ಕ 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. 2017-18ರಲ್ಲಿ ಸೇರಿದವರಲ್ಲಿ ಕೋರ್ಸ್ ಮುಗಿಸಿದ್ದು ಶೇ 3.13 ಜನ. ದುಡ್ಡು ಕಟ್ಟಿ ಸರ್ಟಿಫಿಕೇಟಿಗೆ ಹೆಸರು ಕೊಟ್ಟವರಲ್ಲಿ ಶೇ 46. ಮಾನಸಿಕ ಆರೋಗ್ಯದ ಆ್ಯಪ್‌ಗಳ ಕತೆಯೂ ಹೀಗೇ. ಅದೇ ವರ್ಷ ಬಂದ ಇನ್ನೊಂದು ಅಧ್ಯಯನದ ಪ್ರಕಾರ, ಸಾಧಾರಣ ಆ್ಯಪ್ ಒಂದನ್ನು ಇನ್‌ಸ್ಟಾಲ್ ಮಾಡಿಕೊಂಡವರಲ್ಲಿ 30 ದಿನದ ನಂತರವೂ ತೆರೆಯುತ್ತಿದ್ದವರು ಶೇ 3.3 ಮಾತ್ರ.

ದುಡ್ಡು ಕಟ್ಟಿದವರು ಹೆಚ್ಚು ಮುಗಿಸುತ್ತಾರೆ ಅನ್ನುವುದನ್ನು ನೋಡಿ ದುಡ್ಡು ಇಡಬೇಕು ಅನ್ನುವವರಿದ್ದಾರೆ. ಅದು ಅವಸರದ ತೀರ್ಮಾನ. ಮುಗಿಸುವ ಮನಸ್ಸಿದ್ದವರೇ ದುಡ್ಡು ಕಟ್ಟಿರಬಹುದು. ಇದಕ್ಕಿಂತ ನನಗೆ ಹೆಚ್ಚು ಹೇಳುವುದು ಇಂಗ್ಲೆಂಡಿನ ಎರಡು ಪ್ರಯೋಗಗಳು. ಇವು ನೆಮ್ಮದಿಯ ಕೋರ್ಸ್‌ಗಳಲ್ಲ, ಖಿನ್ನತೆಗೆ ಚಿಕಿತ್ಸೆಯಾಗಿ ಕೊಟ್ಟ ಆನ್‌ಲೈನ್ ಪಾಠಗಳು. ಆದರೆ ಕಲಿಸುವ ರೀತಿ ಒಂದೇ. ಆಸ್ಟ್ರೇಲಿಯಾದ ವಿಶ್ವವಿದ್ಯಾಲಯವೊಂದು ರೂಪಿಸಿದ ‘ಮೂಡ್‌ಜಿಮ್’ ಎಂಬ ಉಚಿತ ಕಾರ್ಯಕ್ರಮ ಮತ್ತು ಇನ್ನೊಂದು ದುಡ್ಡಿನ ಕಾರ್ಯಕ್ರಮವನ್ನು 691 ರೋಗಿಗಳಲ್ಲಿ ಪರೀಕ್ಷಿಸಿದರು. 2015ರಲ್ಲಿ ಫಲಿತಾಂಶ ಬಂತು. ವೈದ್ಯರ ಮಾಮೂಲಿ ಆರೈಕೆಗಿಂತ ಹೆಚ್ಚಿನ ಲಾಭ ಎರಡರಲ್ಲೂ ಕಾಣಲಿಲ್ಲ. ಹೆಚ್ಚಿನವರು ಒಂದೆರಡು ಪಾಠಕ್ಕೇ ನಿಲ್ಲಿಸಿದ್ದರು. ಆಮೇಲೆ ಅದೇ ತಂಡ ಮೂಡ್‌ಜಿಮ್ ಜೊತೆಗೆ ಕ್ರಮವಾಗಿ ಫೋನ್ ಮಾಡಿ ಮಾತಾಡಿಸುವ ವ್ಯವಸ್ಥೆ ಸೇರಿಸಿ ನೋಡಿತು. ಪಾಠ ಅದೇ. ಆದರೆ ಈ ಸಲ 4 ತಿಂಗಳ ಹೊತ್ತಿಗೆ ಫೋನ್ ಬಂದವರು ಫೋನ್ ಬಾರದವರಿಗಿಂತ ಹೆಚ್ಚು ಚೇತರಿಸಿಕೊಂಡಿದ್ದರು. ವರ್ಷದ ಹೊತ್ತಿಗೆ ಆ ಅಂತರ ಬಹುಮಟ್ಟಿಗೆ ಕರಗಿತ್ತು ಅನ್ನುವುದನ್ನೂ ಹೇಳಬೇಕು.

ಫೋನ್ ಮಾಡಿದವರು ಏನು ಮಹಾ ಹೇಳಿರುತ್ತಾರೆ? ಈ ವಾರದ ಪಾಠ ನೋಡಿದ್ರಾ, ಎಲ್ಲಿ ಕಷ್ಟವಾಯಿತು, ಮುಂದಿನ ವಾರ ಯಾವಾಗ ಮಾಡ್ತೀರಿ. ಅಷ್ಟು ಸಾಕಾಗುತ್ತದೆ. ಒಬ್ಬರು ಕೇಳುತ್ತಾರೆ ಅಂತ ಗೊತ್ತಿದ್ದರೆ ನಾವು ಮಾಡುತ್ತೇವೆ.

ಬ್ರಿಸ್ಟಲ್‌ನವರು ಇದಕ್ಕೆ ಕಂಡುಕೊಂಡ ದಾರಿ ಕಡಿಮೆ ಖರ್ಚಿನದು. ವಿದ್ಯಾರ್ಥಿಗಳನ್ನು ಸಣ್ಣ ಗುಂಪು ಮಾಡಿ, ಒಂದೊಂದು ಗುಂಪಿಗೂ ಒಬ್ಬ ಹಿರಿಯ ವಿದ್ಯಾರ್ಥಿಯನ್ನು ಕೊಟ್ಟರು. ‘ಹ್ಯಾಪಿನೆಸ್ ಹಬ್’ ಅಂತ ಅದರ ಹೆಸರು. ಪ್ರೊಫೆಸರ್ ನೂರಾರು ಜನಕ್ಕೆ ಪಾಠ ಹೇಳಬಹುದು, ನೂರಾರು ಜನರನ್ನು ‘ಹೇಗಿದ್ದೀಯ’ ಅಂತ ಕೇಳಲಾಗುವುದಿಲ್ಲ. ಅಲ್ಲಿನ ವಿದ್ಯಾರ್ಥಿಗಳನ್ನು ಒಂದೆರಡು ವರ್ಷದ ನಂತರ ಮತ್ತೆ ಅಳೆದು ನೋಡಿದ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಕೋರ್ಸ್ ಮುಗಿದಾಗ ಬಂದಿದ್ದ ಲಾಭ ಒಟ್ಟಾರೆ ಇಳಿದುಹೋಗಿತ್ತು. ಆದರೆ ಕಲಿತ ಅಭ್ಯಾಸಗಳಲ್ಲಿ ಕೆಲವನ್ನಾದರೂ ಬಿಡದೆ ಮುಂದುವರಿಸಿದ್ದ ಸುಮಾರು ಅರ್ಧದಷ್ಟು ಜನರಲ್ಲಿ ಅದು ಉಳಿದಿತ್ತು. 2005ರ ಪ್ರಯೋಗದ ಆ ಕೊನೆಯ ಸಾಲು ನೆನಪಿದೆಯಲ್ಲ? ಅದೇ ಮತ್ತೆ.

ಮನುಷ್ಯರ ಜಾಗಕ್ಕೆ ಈಗ ಚಾಟ್‌ಬಾಟ್ ತರುವ ಆತುರ ಕಾಣುತ್ತಿದೆ. ಅರ್ಧ ರಾತ್ರಿಯಲ್ಲೂ ಉತ್ತರ ಕೊಡುತ್ತದೆ, ದಣಿಯುವುದಿಲ್ಲ ಅನ್ನುವುದು ನಿಜ. ಆದರೆ ಅದಕ್ಕೆ ಕಾಯುವುದೂ ಗೊತ್ತಿಲ್ಲ, ಬೇಜಾರಾಗುವುದೂ ಗೊತ್ತಿಲ್ಲ. ನೀವು ಹೋಂವರ್ಕ್ ಮಾಡದಿದ್ದರೆ ಅದಕ್ಕೇನೂ ಆಗುವುದಿಲ್ಲ ಅಂತ ನಿಮಗೂ ಗೊತ್ತು. ಈ ಬಗೆಯ ಬಾಟ್‌ಗಳಲ್ಲಿ ಮೊದಲು ಹೆಸರಾದ ‘ವೋಬಾಟ್’ 2017ರಲ್ಲಿ ಶುರುವಾಗಿ 2025ರಲ್ಲಿ ತನ್ನ ಆ್ಯಪ್ ನಿಲ್ಲಿಸಿತು. ಮಾತಾಡಿಸಿ ರೂಢಿಯಾಗಿದ್ದವರ ಪಾಲಿಗೆ ಅದು ಒಂದು ದಿನ ಇಲ್ಲವಾಯಿತು.

ಹಳಸಿದ ವಿಡಿಯೊ

ಆನ್‌ಲೈನ್ ಪಾಠಕ್ಕೆ ಇನ್ನೊಂದು ಕಾಯಿಲೆ ಇದೆ, ಅದರ ಬಗ್ಗೆ ಯಾರೂ ಅಷ್ಟಾಗಿ ಮಾತಾಡುವುದಿಲ್ಲ. ಕ್ಲಾಸಿನಲ್ಲಿ ನಿಂತು ಪಾಠ ಮಾಡುವವರು ಹೊಸ ಸಂಶೋಧನೆ ಬಂದರೆ ಮುಂದಿನ ವರ್ಷ ಮಾತು ಬದಲಿಸಬಹುದು. ರೆಕಾರ್ಡ್ ಮಾಡಿಟ್ಟ ವಿಡಿಯೊ ಬದಲಾಗುವುದಿಲ್ಲ. ಅದೇ ನಗು, ಅದೇ ಸ್ಲೈಡು, ಅದೇ ಅಂಕಿ. ಖುಷಿಯ ವಿಜ್ಞಾನದಲ್ಲಂತೂ ಹದಿನೈದು ಇಪ್ಪತ್ತು ವರ್ಷದಲ್ಲಿ ಎಷ್ಟೋ ಅಂಕಿಗಳು ಬಿದ್ದುಹೋಗಿವೆ.

ದುಡ್ಡಿನ ಪಾಠವನ್ನೇ ತೆಗೆದುಕೊಳ್ಳಿ. ಡೇನಿಯಲ್ ಕಾನೆಮನ್ ಮತ್ತು ಆಂಗಸ್ ಡೀಟನ್, ಇಬ್ಬರೂ ನೊಬೆಲ್ ಪಡೆದವರು. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 75,000 ಡಾಲರ್ ಆದಾಯದವರೆಗೆ ದಿನನಿತ್ಯದ ಖುಷಿ ಏರುತ್ತದೆ, ಆಮೇಲೆ ಏರುವುದಿಲ್ಲ ಅಂತ 2010ರಲ್ಲಿ ಬರೆದರು. ಈ ಸಂಖ್ಯೆ ಜಗತ್ತಿನ ಎಲ್ಲ ಸ್ಲೈಡುಗಳಿಗೂ ಹೋಯಿತು. 2021ರಲ್ಲಿ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಬೇರೆ ಬಗೆಯಲ್ಲಿ ಅಳೆದು, ಇಲ್ಲ, ಏರುತ್ತಲೇ ಹೋಗುತ್ತದೆ ಅಂದರು. ಆಮೇಲೆ ನಡೆದದ್ದು ವಿಜ್ಞಾನದಲ್ಲಿ ಅಪರೂಪ. ಜಗಳವಾಡುವ ಬದಲು ಕಾನೆಮನ್ ಕಿಲ್ಲಿಂಗ್ಸ್‌ವರ್ತ್ ಜೊತೆಗೇ ಕೂತು ಅಂಕಿಅಂಶ ನೋಡಿದರು. 2023ರಲ್ಲಿ ಒಟ್ಟಿಗೆ ಬರೆದರು. ಹೆಚ್ಚಿನವರಲ್ಲಿ ಆದಾಯದ ಜೊತೆ ಖುಷಿ ಏರುತ್ತಲೇ ಹೋಗುತ್ತದೆ. ತುಂಬಾ ಕಡಿಮೆ ಖುಷಿಯಿರುವ ಒಂದು ಗುಂಪಿನಲ್ಲಿ ಮಾತ್ರ ಅದು ಸುಮಾರು ಒಂದು ಲಕ್ಷ ಡಾಲರ್ ಹತ್ತಿರ ನಿಲ್ಲುತ್ತದೆ. 2018ರ ವಿಡಿಯೊ ನೋಡುವವರಿಗೆ ಈ ಕತೆಯ ಉತ್ತರಾರ್ಧ ಸಿಗುವುದು ಹೇಗೆ?

ಲಾಟರಿ ಗೆದ್ದವರ ಕತೆಯೂ ಹಾಗೆಯೇ. 1978ರ ಅಧ್ಯಯನವೊಂದನ್ನು ತೋರಿಸಿ, ಲಾಟರಿ ಗೆದ್ದವರೂ ಅಪಘಾತದಲ್ಲಿ ಕಾಲು ಕಳೆದುಕೊಂಡವರೂ ಕೊನೆಗೆ ಒಂದೇ ಮಟ್ಟದ ಖುಷಿಗೆ ಬರುತ್ತಾರೆ ಅಂತ ಎಷ್ಟೋ ಕಡೆ ಹೇಳುತ್ತಾರೆ. ಮೊದಲನೆಯದಾಗಿ ಆ ಅಧ್ಯಯನದಲ್ಲಿದ್ದ ಲಾಟರಿ ವಿಜೇತರು 22, ಅಪಘಾತಕ್ಕೆ ಸಿಕ್ಕಿ ಪಾರ್ಶ್ವವಾಯುವಾದವರು 29. ಎರಡನೆಯದಾಗಿ, ಅದರಲ್ಲೇ ಅಪಘಾತಕ್ಕೆ ಸಿಕ್ಕವರ ಖುಷಿ ಉಳಿದವರಿಗಿಂತ ಕಡಿಮೆ ಇತ್ತು. 2020ರಲ್ಲಿ ಸ್ವೀಡನ್ನಿನ ಲಾಟರಿ ವಿಜೇತರ ಬಗ್ಗೆ ಬಂದ ದೊಡ್ಡ ಅಧ್ಯಯನದಲ್ಲಂತೂ, ದೊಡ್ಡ ಬಹುಮಾನ ಗೆದ್ದವರಿಗೆ ತಮ್ಮ ಬದುಕಿನ ಬಗ್ಗೆ ಇದ್ದ ತೃಪ್ತಿ ಹತ್ತು ವರ್ಷದ ಮೇಲೂ ಹೆಚ್ಚೇ ಇತ್ತು. ಇನ್ನು, ಒಂದು ನೆಗೆಟಿವ್ ಭಾವನೆಗೆ 2.9013 ಪಾಸಿಟಿವ್ ಭಾವನೆ ಇದ್ದರೆ ಮನುಷ್ಯ ಅರಳುತ್ತಾನೆ ಅಂತ 2005ರಲ್ಲಿ ಬಂದಿದ್ದ ಸೂತ್ರ. ಭಾವನೆಯನ್ನು ನಾಲ್ಕು ದಶಮಾಂಶದವರೆಗೆ ಅಳೆದಾಗಲೇ ಅನುಮಾನ ಬರಬೇಕಿತ್ತು! 2013ರಲ್ಲಿ ಅದರ ಗಣಿತವೇ ತಪ್ಪು ಅಂತ ತೋರಿಸಿಕೊಟ್ಟರು.

ಹಾಗಾಗಿ ಕೋರ್ಸ್ ಯಾವ ವರ್ಷ ರೆಕಾರ್ಡ್ ಆಗಿದ್ದು ಅಂತ ನೋಡುವುದು ಒಳ್ಳೆಯದು. ಹಳೆಯ ಪಾಠದ ಕೆಳಗೆ ‘ಈ ಭಾಗ ಈಗ ಹೀಗೆ ಬದಲಾಗಿದೆ’ ಅಂತ ಒಂದು ಸಾಲು ಸೇರಿಸುವವರಿದ್ದರೆ ಅವರ ಮೇಲೆ ನನಗೆ ನಂಬಿಕೆ ಜಾಸ್ತಿ.

ಲಾಭ ಇದೆಯಾ?

ಇದೆ, ಆದರೆ ಜಾಹೀರಾತಿನಷ್ಟಲ್ಲ. ಕೋರ್ಸ್‌ಗೆ ಮುಂಚೆ ಒಂದು ಅಂಕ, ಮುಗಿದ ಮೇಲೆ ಇನ್ನೊಂದು ಅಂಕ, ನೋಡಿ ಎಷ್ಟು ಏರಿತು ಅಂತ ಹೇಳುವುದು ಸುಲಭ. ಆದರೆ ಇಂಥ ಕೋರ್ಸ್‌ಗೆ ಜನ ಸೇರುವುದೇ ಮನಸ್ಸು ಕುಗ್ಗಿದ್ದಾಗ. ಏನೂ ಮಾಡದಿದ್ದರೂ ಕೆಲವು ವಾರದಲ್ಲಿ ಸ್ವಲ್ಪ ಸುಧಾರಿಸುತ್ತದೆ. ಬೇಸತ್ತವರು ಮಧ್ಯದಲ್ಲೇ ಬಿಟ್ಟಿರುತ್ತಾರೆ, ಕೊನೆಯ ಪ್ರಶ್ನಾವಳಿ ತುಂಬುವವರು ಇಷ್ಟಪಟ್ಟವರೇ. ಅದಕ್ಕೆ ಹೋಲಿಕೆಯ ಗುಂಪು ಬೇಕು.

ಯೇಲ್‌ನವರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಜಾಣ ಹೋಲಿಕೆ ಇತ್ತು. ತಮ್ಮ ನೆಮ್ಮದಿ ಕೋರ್ಸ್ ಓದಿದವರನ್ನು, ಕೋರ್ಸೆರಾದಲ್ಲೇ ಇದ್ದ ಯೇಲ್‌ನ ಮನಃಶಾಸ್ತ್ರ ಪರಿಚಯದ ಕೋರ್ಸ್ ಓದಿದವರ ಜೊತೆ ಇಟ್ಟು ನೋಡಿದರು. ಎರಡೂ ಕಡೆ ಏರಿಕೆ ಕಂಡಿತು, ನೆಮ್ಮದಿ ಕೋರ್ಸ್‌ನವರಲ್ಲಿ ಹೆಚ್ಚು. ಆದರೂ ಯಾರು ಯಾವ ಕೋರ್ಸ್‌ಗೆ ಹೋಗಬೇಕು ಅನ್ನುವುದನ್ನು ಓದುವವರೇ ಆರಿಸಿಕೊಂಡಿದ್ದರು. ಬ್ರಿಸ್ಟಲ್ ಕೋರ್ಸ್ ಕೋವಿಡ್ ಕಾಲದಲ್ಲಿ ಪೂರ್ತಿ ಆನ್‌ಲೈನ್ ಆದಾಗ, ಅದನ್ನು ಓದಿದವರ ಸ್ಥಿತಿ ಸರದಿಗೆ ಕಾಯುತ್ತಿದ್ದವರಿಗಿಂತ ಚೆನ್ನಾಗಿತ್ತು. ಅದು ಅವರನ್ನು ಮೇಲೆತ್ತಿತು ಅನ್ನುವುದಕ್ಕಿಂತ ಕೆಳಗೆ ಬೀಳದ ಹಾಗೆ ಹಿಡಿಯಿತು ಅನ್ನಬಹುದು. ನನಗೆ ಅದೇನು ಸಣ್ಣ ಸಂಗತಿ ಅನಿಸುವುದಿಲ್ಲ.

2023ರಲ್ಲಿ ಡನಿಗನ್ ಫೋಕ್ ಮತ್ತು ಎಲಿಜಬೆತ್ ಡನ್ ಎಂಬ ಸಂಶೋಧಕರು, ಮಾಧ್ಯಮಗಳಲ್ಲಿ ಪದೇ ಪದೇ ಬರುವ ಐದು ಸಲಹೆಗಳ ಹಿಂದಿನ ಪುರಾವೆಯನ್ನು ಜಾಲಾಡಿದರು. ಕೃತಜ್ಞತೆ, ಜನರ ಜೊತೆ ಬೆರೆಯುವುದು, ವ್ಯಾಯಾಮ, ಧ್ಯಾನ, ಪ್ರಕೃತಿಯ ನಡುವೆ ಸಮಯ ಕಳೆಯುವುದು. ಮೊದಲೇ ಯೋಜನೆ ಪ್ರಕಟಿಸಿ, ಸಾಕಷ್ಟು ಜನರ ಮೇಲೆ ಮಾಡಿದ ಗಟ್ಟಿ ಪ್ರಯೋಗಗಳು ಆಶ್ಚರ್ಯವಾಗುವಷ್ಟು ಕಡಿಮೆ ಇದ್ದವು. ಈ ಸಲಹೆಗಳು ಸುಳ್ಳು ಅಂತ ಅವರು ಹೇಳಲಿಲ್ಲ. ನಾವು ಅಂದುಕೊಂಡಷ್ಟು ಪಕ್ಕಾ ಅಲ್ಲ ಅಂದರು. ಒಳ್ಳೆಯ ಶಿಕ್ಷಕರು ಈ ಅನಿಶ್ಚಿತತೆಯನ್ನು ಪಾಠದ ಭಾಗವಾಗಿಸುತ್ತಾರೆ. ‘ಇದು ಕೆಲವರಿಗೆ ಕೆಲಸ ಮಾಡುತ್ತದೆ, ಎರಡು ವಾರ ಮಾಡಿ ನೋಡಿ, ಆಗದಿದ್ದರೆ ಬಿಡಿ’ ಅನ್ನುತ್ತಾರೆ. ಹಾಗೆ ಹೇಳದಿದ್ದರೆ, ಫಲ ಸಿಗದವರು ತಪ್ಪು ತಮ್ಮದೇ ಅಂದುಕೊಳ್ಳುತ್ತಾರೆ.

ಕೋರ್ಸ್ ಸಾಲದ ಕಡೆ

ಕ್ಲಾಸಿನಲ್ಲಿ ಒಬ್ಬರ ಮುಖ ಬಾಡಿದ್ದರೆ ಶಿಕ್ಷಕರಿಗೆ ಕಾಣುತ್ತದೆ. ವಿಡಿಯೊಗೆ ಕಾಣುವುದಿಲ್ಲ. ಧ್ಯಾನ ಎಲ್ಲರಿಗೂ ಹಿತ ಅನ್ನುವ ನಂಬಿಕೆಯೂ ಪೂರ್ತಿ ಸರಿಯಲ್ಲ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ವಿಲೋಬಿ ಬ್ರಿಟನ್ ಅವರ ತಂಡ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 8 ವಾರದ ಮೈಂಡ್‌ಫುಲ್‌ನೆಸ್ ಕಾರ್ಯಕ್ರಮ ಮಾಡಿದವರಲ್ಲಿ ಶೇ 6ರಿಂದ 14ರಷ್ಟು ಜನರಿಗೆ ಬೇಗ ಹೋಗದ ಕೆಟ್ಟ ಪರಿಣಾಮಗಳು ಕಂಡವು. ಹಳೆಯ ಆಘಾತ ಇರುವವರಿಗೆ ಕಣ್ಣು ಮುಚ್ಚಿ ಉಸಿರು ಗಮನಿಸುವುದೇ ಗಾಬರಿ ತರಬಹುದು. ‘ಕಣ್ಣು ತೆರೆದೇ ಮಾಡಬಹುದು, ಕಷ್ಟವಾದರೆ ನಿಲ್ಲಿಸಿ’ ಅನ್ನುವ ಒಂದು ವಾಕ್ಯ ಆಡಿಯೊದಲ್ಲಿ ಇದೆಯಾ ಅಂತ ಗಮನಿಸಿ. ಕಲಿಸುವವರ ತಯಾರಿ ಅಲ್ಲೇ ಗೊತ್ತಾಗುತ್ತದೆ.

ಹಾಗೆಯೇ, ಇದು ಚಿಕಿತ್ಸೆ ಅಲ್ಲ ಅಂತ ಮೊದಲ ಪುಟದಲ್ಲೇ ಹೇಳಬೇಕು. ವಾರಗಟ್ಟಲೆ ನಿದ್ದೆ ಬಾರದವರು, ಯಾವುದರಲ್ಲೂ ಆಸಕ್ತಿ ಇಲ್ಲದವರು, ಸಾಯುವ ಯೋಚನೆ ಬರುತ್ತಿರುವವರು ಹೋಗಬೇಕಾದದ್ದು ವೈದ್ಯರ ಬಳಿಗೆ, ಸಹಾಯವಾಣಿಗೆ. ಅಂಥವರಿಗೆ ಕೃತಜ್ಞತೆಯ ಡೈರಿ ಕೊಟ್ಟು ಕೂರಿಸುವುದು ತಪ್ಪು. ಕೋಚ್, ಮೆಂಟರ್ ಅಂತ ಹೆಸರಿಟ್ಟುಕೊಳ್ಳಲು ಬಹಳ ಕಡೆ ಯಾವ ಲೈಸೆನ್ಸೂ ಬೇಕಿಲ್ಲ ಅನ್ನುವುದು ನೆನಪಿರಲಿ.

ಇನ್ನೊಂದು ಕಡೆ, ಕಂಪನಿಗಳು ನೌಕರರಿಗೆ ಇಂಥ ಕೋರ್ಸ್‌ಗಳನ್ನು ಸಗಟಾಗಿ ಕೊಡಿಸುತ್ತಿವೆ. ಆಕ್ಸ್‌ಫರ್ಡ್‌ನ ವಿಲಿಯಂ ಫ್ಲೆಮಿಂಗ್ 2024ರಲ್ಲಿ ಬ್ರಿಟನ್ನಿನ 233 ಸಂಸ್ಥೆಗಳ 46,336 ನೌಕರರ ಮಾಹಿತಿ ನೋಡಿದರು. ಒತ್ತಡ ನಿರ್ವಹಣೆಯ ತರಬೇತಿ, ಮೈಂಡ್‌ಫುಲ್‌ನೆಸ್, ಆ್ಯಪ್ ಹೀಗೆ ಯಾವುದರಲ್ಲಿ ಭಾಗವಹಿಸಿದ್ದರೂ, ಭಾಗವಹಿಸದವರಿಗಿಂತ ಅವರ ಸ್ಥಿತಿ ಚೆನ್ನಾಗಿರಲಿಲ್ಲ. ಹೊರತಾಗಿ ಕಂಡದ್ದು ಒಂದೇ, ಸ್ವಯಂಸೇವೆಯ ಅವಕಾಶ. ಇದು ಒಂದು ಕಾಲಘಟ್ಟದ ಹೋಲಿಕೆಯಷ್ಟೇ, ಕಾರಣವನ್ನು ಪಕ್ಕಾ ಹೇಳುವುದಿಲ್ಲ. ಆದರೂ ಊಹಿಸಲು ಕಷ್ಟವಿಲ್ಲ. ಕೆಲಸದ ಹೊರೆ ಹಾಗೇ ಇಟ್ಟು, ಹೊರೆ ಹೊರುವವರಿಗೆ ಉಸಿರಾಟ ಕಲಿಸಿದರೆ ಎಷ್ಟು ಪ್ರಯೋಜನ? ಊಟದ ವಿರಾಮದಲ್ಲಿ ನೆಮ್ಮದಿಯ ವಿಡಿಯೊ ನೋಡಿ ಮುಗಿಸಿ ಅಂತ ಮೇಲ್ ಬಂದರೆ, ಅದು ಇನ್ನೊಂದು ಕೆಲಸ ಅಷ್ಟೇ.

ಒಂದು ಕೋರ್ಸ್ ಸೇರಬೇಕು ಅಂತಿದ್ದರೆ ನಾನು ವಿಡಿಯೊ ಎಷ್ಟಿದೆ ಅಂತ ನೋಡುವುದಿಲ್ಲ. ಎರಡು ವಿಡಿಯೊ ನಡುವೆ ನನ್ನಿಂದ ಏನು ಮಾಡಿಸುತ್ತಾರೆ, ಮಾಡಿದೆನಾ ಅಂತ ಕೇಳುವವರು ಯಾರು ಅಂತ ನೋಡುತ್ತೇನೆ. ಕೇಳುವವರಿಗೆ ಸಂಬಳ ಕೊಡಬೇಕು, ಲಕ್ಷ ಜನ ಸೇರಿದರೆ ಅಷ್ಟು ಮಂದಿಯನ್ನು ತರುವುದು ಕಷ್ಟ. ಹಾಗಾಗಿಯೇ ದೊಡ್ಡ ವೇದಿಕೆಗಳು ಆ ಭಾಗವನ್ನು ಬಿಟ್ಟು ಸರ್ಟಿಫಿಕೇಟ್ ಮಾರುತ್ತವೆ. ಆದರೆ ಕೇಳುವವರು ಪರಿಣತರೇ ಆಗಬೇಕಿಲ್ಲ ಅನ್ನುವುದನ್ನು ಬ್ರಿಸ್ಟಲ್‌ನ ಹಿರಿಯ ವಿದ್ಯಾರ್ಥಿಗಳು ತೋರಿಸಿದ್ದಾರೆ. ಉಚಿತ ಕೋರ್ಸ್ ಒಂದಕ್ಕೆ ಗೆಳೆಯರನ್ನೋ ತಂಗಿಯನ್ನೋ ಜೊತೆಗೆ ಸೇರಿಸಿಕೊಳ್ಳಿ. ಭಾನುವಾರ ಸಂಜೆ ಹತ್ತು ನಿಮಿಷ ಫೋನ್ ಅಂತ ಮೊದಲೇ ಗೊತ್ತುಮಾಡಿಕೊಳ್ಳಿ. ಕೋರ್ಸ್ ಮುಗಿದ ಮೇಲೂ ಆ ಫೋನ್ ಎರಡು ತಿಂಗಳು ಮುಂದುವರಿಯಲಿ, ಆಮೇಲೆ ಮೊದಲ ದಿನ ತುಂಬಿದ ಪ್ರಶ್ನಾವಳಿಯನ್ನೇ ಇನ್ನೊಮ್ಮೆ ತುಂಬಿ ನೋಡಿ. ಅಂಕ ಏರಿರದಿದ್ದರೆ ಆ ಅಭ್ಯಾಸ ಬಿಟ್ಟು ಬೇರೆಯದನ್ನು ಹಿಡಿಯಬಹುದು.